ಮಕ್ಕಳ ತೂಕ ಬರೆಯುವ ಲೋಲಾಕ್ಷಿ

ಅಲಾರಾಂ ಬಡಿಯುವ ಮೊದಲೇ ಲೋಲಾಕ್ಷಿಗೆ ಎಚ್ಚರವಾಗಿದೆ. ಗಂಡ ಚೆನ್ನಯನ ಉತ್ತರಕ್ರಿಯೆ ಮುಗಿಯಿತು. ಊರಿನಿಂದ ಬಂದಿದ್ದ ನೆಂಟರು ನಿನ್ನೆ ಸಂಜೆಯ ಗಾಡಿಗೆ ಹೊರಟುಹೋದರು. ಹದಿನಾರು ದಿನಗಳ ನಂತರ ಡೊಂಬಿವಲಿಯ ಈ ಮೂರನೇ ಮಹಡಿಯ ಮನೆಗೆ ಇದು ಮೊದಲ ಮಾಮೂಲಿ ಬೆಳಗು. ಐದಕ್ಕೆ ನಳದಲ್ಲಿ ನೀರು ಬರುತ್ತದೆ. ಡ್ರಮ್ ತುಂಬಿಸುವ ಕೆಲಸ ಚೆನ್ನಯನದಾಗಿತ್ತು. ಇನ್ನು ಮುಂದೆ ಯಾರು ಎಂದು ಅತ್ತೆ ಸೊಸೆ ಇಬ್ಬರೂ ಮಾತಾಡಿಕೊಂಡಿಲ್ಲ. ಅತ್ತೆ ಸುಂದರಿ ಸುಮ್ಮನೆ ಪೈಪ್ ಹಿಡಿದು ನಿಂತಿದ್ದಾರೆ.

ಲೋಲಾಕ್ಷಿ ಅಡುಗೆಮನೆಯ ನೆಲ ಒರೆಸಿ, ಅದರ ಮೇಲೆ ತೂಕದ ಯಂತ್ರ ಇಡುತ್ತಾಳೆ. ಮನೆಯಲ್ಲಿ ನೆಲ ಸಮ ಇರುವುದು ಅಲ್ಲೊಂದೇ ಕಡೆ. ಯಂತ್ರದ ಮೇಲೆ ಹತ್ತು ಕಿಲೋದ ಎರಡು ತೂಕದ ಕಲ್ಲು ಇಟ್ಟು ಬಗ್ಗುತ್ತಾಳೆ. ಇಪ್ಪತ್ತು ಬಂದರೆ ಸರಿ. ಬರದಿದ್ದರೆ ಗುಂಡಿ ಒತ್ತಿ ತಿದ್ದಬೇಕು. ಆಗ ಯಂತ್ರ ತನ್ನ ಮೇಲಿರುವುದನ್ನೇ ಇಪ್ಪತ್ತು ಎಂದು ನಂಬುತ್ತದೆ. ಇವತ್ತು ಇಪ್ಪತ್ತೇ ಬಂದಿದೆ. ನಮೂನೆಯಲ್ಲಿ ಬರೆದು, ಯಂತ್ರ ಮಡಚಿ, ಎತ್ತರ ಅಳೆಯುವ ಹಲಗೆಯನ್ನು ಹೆಗಲಿಗೆ ಏರಿಸುತ್ತಾಳೆ. ಮೂರನೇ ಕ್ಲಾಸಿನ ಮಗಳು ಅನುಷ್ಕಾ ಹೊದಿಕೆಯೊಳಗಿಂದಲೇ ಕೇಳುತ್ತಾಳೆ.

"ಮಮ್ಮೀ, ಆಜ್ ಸೇ ಜಾಯೇಗೀ?"

"ಹೋಗ್ಬೇಕಲ್ಲ ಮಗಾ. ಕಲ್ಯಾಣದ ಶಾಲೆ ಒಂದು ಬಾಕಿ ಉಂಟು."

ಲೋಲಾಕ್ಷಿಗೆ ಮೂವತ್ತನಾಲ್ಕು ವರ್ಷ. ಊರು ಉಡುಪಿ ತಾಲೂಕಿನದು, ಓದಿದ್ದು ಬಿ.ಎ. ಆಕೆಯ ಕೆಲಸಕ್ಕೆ ಕನ್ನಡದಲ್ಲಿ ಸರಿಯಾದ ಹೆಸರಿಲ್ಲ. ಮಕ್ಕಳ ಬೊಜ್ಜು ತಡೆಯಲು ಶಾಲೆಗಳಲ್ಲಿ ನಡೆಯುವ ಕಾರ್ಯಕ್ರಮಗಳು ನಿಜಕ್ಕೂ ಫಲ ಕೊಟ್ಟಿವೆಯೇ ಎಂದು ತಿಳಿಯಲು ಯಾರಾದರೂ ಮಕ್ಕಳನ್ನು ಒಬ್ಬೊಬ್ಬರಾಗಿ ನಿಲ್ಲಿಸಿ ಅಳೆಯಬೇಕಲ್ಲ, ಆ ಯಾರಾದರೂ ಈಕೆ. ಕಲ್ಯಾಣದ ಕಾವಲುಗಾರರ ಬಾಯಲ್ಲಿ ಆಕೆ 'ವಜನ್‌ವಾಲೀ ಬಾಯಿ', ತೂಕದ ಹೆಂಗಸು. ಈ ಬರಹಕ್ಕೆ ಆಕೆ ಹಾಕಿರುವುದು ಒಂದೇ ಷರತ್ತು: ಶಾಲೆಗಳ ಹೆಸರು ಬರೆಯಬಾರದು. ಮಿಕ್ಕದ್ದೆಲ್ಲ ಬರೆಯಬಹುದು.

ಕಾರ್ಯಕ್ರಮ ಶುರುವಾದದ್ದು 2010ರ ಜೂನ್‌ನಲ್ಲಿ. ಠಾಣೆಯಿಂದ ಕಲ್ಯಾಣದವರೆಗೆ, ಆಚೆ ನೆರೂಳಿನಲ್ಲಿ, ಒಟ್ಟು ಎಂಟು ಶಾಲೆ. ಚೀಟಿ ಎತ್ತಿ ನಾಲ್ಕನ್ನು ಆರಿಸಿದರು. ಆ ನಾಲ್ಕರ ಕ್ಯಾಂಟೀನಿನಿಂದ ವಡಾಪಾವ್, ವೇಫರ್ಸ್ ಹೊರಗೆ ಹೋಗಿ ಅವಲಕ್ಕಿಯ ಪೋಹೆಯೂ ಬೇಯಿಸಿದ ಕಡಲೆಯೂ ಬಂದವು. ಆಟದ ಪಿರಿಯಡ್ ವಾರಕ್ಕೆ ಎರಡಿದ್ದದ್ದು ಐದಾಯಿತು. ಊಟದ ಡಬ್ಬಿಗೆ ಏನು ಹಾಕಬೇಕೆಂದು ತಾಯಂದಿರ ಸಭೆಗಳಾದವು. ಉಳಿದ ನಾಲ್ಕು ಶಾಲೆಗಳನ್ನು ಇದ್ದ ಹಾಗೇ ಬಿಟ್ಟರು. ಶುರುವಿನಲ್ಲಿ ಎಲ್ಲ ಮಕ್ಕಳ ತೂಕ ಬರೆದಿಟ್ಟು, ಎರಡು ವರ್ಷದ ನಂತರ ಅದೇ ಮಕ್ಕಳನ್ನು ಮತ್ತೆ ತೂಗಿ, ಎರಡು ಗುಂಪನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ಈಗ 2012ರ ಜುಲೈ. ನಡೆಯುತ್ತಿರುವುದು ಆ ಎರಡನೇ ತೂಕ.

ಅಳೆಯುವವರಿಗೆ ಯಾವ ಶಾಲೆ ಯಾವ ಗುಂಪಿನದು ಎಂದು ಗೊತ್ತಿರಬಾರದು ಎಂಬುದು ನಿಯಮ. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ ಕಡೆ ವಾಲುತ್ತದೆ. ಹಾಗಾಗಿ ತೂಕದ ದಿನ ಗೋಡೆಯ ಮೇಲಿನ ತರಕಾರಿ ಚಿತ್ರಗಳನ್ನು ಕಿತ್ತಿಡುತ್ತಾರೆ. ಕಿತ್ತಲ್ಲಿ ಬಣ್ಣ ಮಾಸದ ಚೌಕಗಳು ಉಳಿದಿರುತ್ತವೆ. "ನಾವು ನೋಡದ ಹಾಗೆ ಇರ್ತೇವೆ. ಮಕ್ಕಳು ಬಿಡಬೇಕಲ್ಲ? ಯಂತ್ರ ಹತ್ತುವ ಮೊದಲೇ ಹೇಳ್ತಾರೆ, ಮ್ಯಾಡಂ, ಎರಡು ವರ್ಷದಿಂದ ನಮಗೆ ಇಲ್ಲಿ ವಡಾಪಾವ್ ಸಿಗುವುದಿಲ್ಲ ಅಂತ," ಎಂದು ಲೋಲಾಕ್ಷಿ ನಗದೇ ಹೇಳುತ್ತಾಳೆ.

ಕಲ್ಯಾಣದ ಶಾಲೆಯ ಡ್ರಾಯಿಂಗ್ ಕೋಣೆಯಲ್ಲಿ ಏಳೂಕಾಲಿಗೆ ಸಾಲು ನಿಂತಿದೆ. ಬೂಟು, ಸಾಕ್ಸ್, ಬೆಲ್ಟ್ ತೆಗೆಯಬೇಕು. ಜೇಬು ಖಾಲಿ ಮಾಡಬೇಕು. ಗೋಲಿ, ಕಂಪಾಸು, ಅರ್ಧ ತಿಂದ ಚಿಕ್ಕಿ ಎಲ್ಲ ಬುಟ್ಟಿಗೆ. ನೆತ್ತಿಯ ಮೇಲೆ ಜುಟ್ಟಿದ್ದರೆ ಬಿಚ್ಚಬೇಕು, ಇಲ್ಲವಾದರೆ ಎತ್ತರದಲ್ಲಿ ಒಂದು ಸೆಂಟಿಮೀಟರ್ ಸುಳ್ಳು ಸೇರುತ್ತದೆ. ಪ್ರತಿ ಮಗುವನ್ನು ಎರಡು ಸಲ ತೂಗಬೇಕು. ಎರಡರ ನಡುವೆ ನೂರು ಗ್ರಾಂ ಮೀರಿ ವ್ಯತ್ಯಾಸ ಬಂದರೆ ಮೂರನೇ ಸಲ. ಒಂದು ಮಗುವಿಗೆ ಎರಡೂವರೆ ನಿಮಿಷ, ದಿನಕ್ಕೆ ನೂರ ನಲವತ್ತು ಮಕ್ಕಳು. ಸಂಜೆಗೆ ಆಕೆ ಇನ್ನೂರ ಎಂಬತ್ತು ಸಲ ಬಗ್ಗಿ ಎದ್ದಿರುತ್ತಾಳೆ, ಅದೂ ಕಡಿಮೆಯೆಂದರೆ.

ಅಂಕಿಯನ್ನು ಬಾಯಿ ಬಿಟ್ಟು ಹೇಳುವಂತಿಲ್ಲ. ಲೋಲಾಕ್ಷಿ ಚೀಟಿಯಲ್ಲಿ ಬರೆದು ತಿರುಗಿಸಿ ಹಿಡಿಯುತ್ತಾಳೆ, ಪಕ್ಕದಲ್ಲಿ ಕುಳಿತ ಶರಣಬಸಮ್ಮ ನೋಡಿಕೊಂಡು ಪಟ್ಟಿಗೆ ಇಳಿಸುತ್ತಾಳೆ. ಶರಣಬಸಮ್ಮ ಕಲಬುರಗಿ ಕಡೆಯವಳು, ಕಲ್ಯಾಣದಲ್ಲೇ ಮನೆ, ಲೋಲಾಕ್ಷಿಗಿಂತ ಎಂಟು ವರ್ಷ ಚಿಕ್ಕವಳು. ಅಕ್ಕಾರ ಎಂದೇ ಕರೆಯುತ್ತಾಳೆ.

"ಮ್ಯಾಡಂ, ಮಾಝಂ ಕಿತೀ?" ಎಂದು ಪ್ರತಿ ಮಗುವೂ ತನ್ನದೆಷ್ಟು ಎಂದು ಕೇಳುತ್ತದೆ.

"ಕಾಗದದಲ್ಲಿ ಬರೆದು ಅಮ್ಮನಿಗೆ ಕಳಿಸ್ತೇವೆ. ಕೆಳಗಿಳಿ."

ಸಾಲಿನ ಕೊನೆಯಲ್ಲಿ ಒಬ್ಬ ಹುಡುಗಿ ಮತ್ತೆ ಮತ್ತೆ ಹಿಂದಕ್ಕೆ ಸರಿಯುತ್ತಿದ್ದಾಳೆ. ಶಾಲೆಯ ಮಾಸ್ತರರೊಬ್ಬರು ಅವಳ ಭುಜ ಹಿಡಿದು ಮುಂದೆ ತರುತ್ತಾರೆ. "ಮೊದಲು ಈ ಗಣಪತಿಯನ್ನು ತೂಗಿಬಿಡಿ, ಆಮೇಲೆ ಯಂತ್ರ ಉಳಿದರೆ ಬಾಕಿಯವರನ್ನು," ಎನ್ನುತ್ತಾರೆ. ಸಾಲು ನಗುತ್ತದೆ. ಲೋಲಾಕ್ಷಿ ತಲೆ ಎತ್ತುತ್ತಾಳೆ. "ಸರ್, ನೀವು ಹತ್ತಿ. ಯಂತ್ರ ಸರಿ ಉಂಟಾ ಅಂತ ದೊಡ್ಡವರೊಬ್ಬರನ್ನು ತೂಗಿ ನೋಡ್ಲಿಕ್ಕೆ ಉಂಟು. ಬೂಟು, ಬೆಲ್ಟು ತೆಗೆಯಿರಿ. ಪ್ಯಾಂಟ್ ಕೈಯಲ್ಲಿ ಹಿಡ್ಕೊಳ್ಳಿ." ಮಾಸ್ತರರಿಗೆ ತಟ್ಟನೆ ಆಫೀಸಿನಲ್ಲಿ ಏನೋ ಕೆಲಸ ನೆನಪಾಗುತ್ತದೆ. ಹುಡುಗಿ ಯಂತ್ರ ಹತ್ತುತ್ತಾಳೆ.

ಚೆನ್ನಯನ ಬಗ್ಗೆ ಇಡೀ ದಿನ ಯಾರೂ ಮಾತೆತ್ತಲಿಲ್ಲ. ಲೋಲಾಕ್ಷಿಗೆ ಅದೇ ಬೇಕಿತ್ತು. ಚೆನ್ನಯ ಒಂದು ಕಾಫಿಪುಡಿ ಕಂಪನಿಯ ಸೇಲ್ಸ್‌ಮನ್. ಸ್ಕೂಟರಿನಲ್ಲಿ ಡೊಂಬಿವಲಿ, ಕಲ್ಯಾಣ, ಬದಲಾಪುರದ ಉಡುಪಿ ಹೋಟೆಲುಗಳನ್ನು ಸುತ್ತುತ್ತಿದ್ದ. ಗಲ್ಲಾದಲ್ಲಿ ಕೂತವರೆಲ್ಲ ಅವನಿಗೆ ಅಣ್ಣ, ಇಲ್ಲವೇ ಭಾವ. ಜೂನ್ ಕೊನೆಯಲ್ಲಿ ಒಂದು ಮಧ್ಯಾಹ್ನ ಅಂಬರನಾಥದ ಹೋಟೆಲೊಂದರಲ್ಲಿ ಆರ್ಡರ್ ಬರೆದುಕೊಳ್ಳುತ್ತ ಎದೆ ಹಿಡಿದುಕೊಂಡು ಕುಳಿತ. ಆಸ್ಪತ್ರೆ ಮುಟ್ಟಲಿಲ್ಲ. ವಯಸ್ಸು ಮೂವತ್ತೊಂಬತ್ತು.

ಗುರುವಾರದ ಹೊತ್ತಿಗೆ ಕಲ್ಯಾಣದ ಕೆಲಸ ಮುಗಿಯುತ್ತದೆ. ಯೋಜನೆಯ ಮುಖ್ಯಸ್ಥೆ ಡಾಕ್ಟರ್ ಶರ್ಮಿಳಾ ಠಾಣೆಯ ಆಫೀಸಿನಿಂದ ಫೋನ್ ಮಾಡುತ್ತಾರೆ. ಅಳತೆ ಎಲ್ಲ ಕೈಸೇರಿದ್ದರಿಂದ ಈಗ ಹೇಳಲು ಅಡ್ಡಿಯಿಲ್ಲ: ಕಲ್ಯಾಣದ ಮೂರೂ ಶಾಲೆ ಕಾರ್ಯಕ್ರಮದ ಶಾಲೆಗಳು, ನಾಲ್ಕನೆಯದು ನೆರೂಳಿನದು. ಆ ನಾಲ್ಕರ ಮಕ್ಕಳು ಎರಡು ವರ್ಷದಲ್ಲಿ, ಉಳಿದ ಶಾಲೆಗಳ ಮಕ್ಕಳಿಗಿಂತ ಸರಾಸರಿ ಎಂಟುನೂರು ಗ್ರಾಂ ಕಡಿಮೆ ಏರಿದ್ದಾರೆ. ಕಲ್ಯಾಣದ್ದಂತೂ ತುಂಬ ಚೆನ್ನಾಗಿದೆ. ಮುಂದಿನ ಬುಧವಾರ ಶಿಕ್ಷಣ ಸಮಿತಿಯ ಸಭೆ. ಒಪ್ಪಿದರೆ ಕಾರ್ಯಕ್ರಮ ಎಂಬತ್ತು ಶಾಲೆಗೆ ಹೋಗುತ್ತದೆ, ಲೋಲಾಕ್ಷಿಯ ಹನ್ನೊಂದು ತಿಂಗಳ ಗುತ್ತಿಗೆ ಮೂರು ವರ್ಷಕ್ಕೆ ಬೆಳೆಯುತ್ತದೆ. ಒಪ್ಪದಿದ್ದರೆ ಆಗಸ್ಟ್‌ಗೆ ಎಲ್ಲ ಮುಗಿಯಿತು. ಮನೆಯಲ್ಲಿ ದುಡಿಯುವ ಕೈ ಈಗ ಅದೊಂದೇ.

ಭಾನುವಾರ ಬೆಳಿಗ್ಗೆ ಅತ್ತೆ ಮಗನ ಸಾಮಾನು ತೆಗೆಯುತ್ತಾರೆ. ಹೆಲ್ಮೆಟ್, ಆರ್ಡರ್ ಪುಸ್ತಕಗಳು, ಮಂಚದ ಕೆಳಗೆ ಮೂಲೆಯಲ್ಲಿ ಗೋಣಿಯಲ್ಲಿ ಸುತ್ತಿಟ್ಟ ಎರಡು ಕಬ್ಬಿಣದ ಕಲ್ಲು, ಹತ್ತು ಹತ್ತು ಕಿಲೋದವು.

"ಇದು ಕಲ್ಯಾಣದ ತಾರಾನಾಥರ ಹೋಟೆಲಿನದ್ದು. ಕೊಡ್ತೇನೆ ಕೊಡ್ತೇನೆ ಅಂತ ಎರಡು ವರ್ಷ ಮಾಡಿದ," ಎನ್ನುತ್ತಾರೆ ಸುಂದರಿ. "ಹೋದವರು ಕೇಳಿ ತಂದದ್ದು ಮನೆಯಲ್ಲಿ ಇರ್ಬಾರ್ದು. ಮೊದಲು ಇದನ್ನು ಮುಟ್ಟಿಸು."

ಲೋಲಾಕ್ಷಿಗೆ ನೆನಪಾಗುತ್ತದೆ. 2010ರಲ್ಲಿ ಯೋಜನೆಗೆ ಇದ್ದದ್ದು ಒಂದೇ ಜೊತೆ ಕಲ್ಲು, ಅಳೆಯುವ ತಂಡಗಳು ಎರಡು. ತರಬೇತಿಯ ಎರಡು ದಿನ ಆಕೆ ಆ ಇಪ್ಪತ್ತು ಕಿಲೋವನ್ನು ಠಾಣೆಯಿಂದ ಲೋಕಲ್ ರೈಲಿನಲ್ಲಿ ಹೊತ್ತು ತಂದಳು. ಮೂರನೇ ದಿನ ಬಲಗೈ ಎತ್ತಲಾಗಲಿಲ್ಲ. ಕಲ್ಲನ್ನು ನೆರೂಳಿನ ತಂಡಕ್ಕೆ ಕೊಟ್ಟು, ನೀವು ಕಲ್ಯಾಣದಲ್ಲಿ ಹೇಗಾದರೂ ಹೊಂದಿಸಿಕೊಳ್ಳಿ ಎಂದಿದ್ದರು ಆಗಿನ ಮೇಲ್ವಿಚಾರಕರು. ಆ ಸಂಜೆಯೇ ಚೆನ್ನಯ ಸ್ಕೂಟರಿನ ಕಾಲಬುಡದಲ್ಲಿ ಈ ಗೋಣಿ ಇಟ್ಟುಕೊಂಡು ಬಂದಿದ್ದ. "ಹೊರುವುದು ಸಾಕು ಮಾರಾಯ್ತಿ. ಒಂಬತ್ತು ದಿನ ನಾನೇ ಶಾಲೆಗೆ ಮುಟ್ಟಿಸ್ತೇನೆ. ಕಬ್ಬಿಣ ಕಬ್ಬಿಣವೇ. ಹತ್ತು ಕಿಲೋ ಅಂದರೆ ಠಾಣೆಯಲ್ಲೂ ಹತ್ತು, ಕಲ್ಯಾಣದಲ್ಲೂ ಹತ್ತು."

ಕೊಡುವ ಮೊದಲು, ಬರೀ ಅಭ್ಯಾಸಬಲದಿಂದ, ಆಕೆ ಕಲ್ಲುಗಳನ್ನು ಯಂತ್ರದ ಮೇಲೆ ಇಡುತ್ತಾಳೆ. ಹತ್ತೊಂಬತ್ತು ಕಿಲೋ ಏಳುನೂರು ಗ್ರಾಂ.

ಇಳಿಸಿ, ಯೋಜನೆಯ ಕಲ್ಲು ಇಟ್ಟು ನೋಡುತ್ತಾಳೆ. ಇಪ್ಪತ್ತು. ಮತ್ತೆ ಹೋಟೆಲಿನ ಕಲ್ಲು. ಹತ್ತೊಂಬತ್ತು ಏಳುನೂರು. ಆಮೇಲೆ ಕಲ್ಲನ್ನು ಬೋರಲು ಹಾಕುತ್ತಾಳೆ. ಅಂಗಡಿಯ ಇಂಥ ಕಲ್ಲಿನ ತಳದಲ್ಲಿ ಒಂದು ಕುಳಿ ಇರುತ್ತದೆ. ಅದಕ್ಕೆ ಸೀಸ ತುಂಬಿ ತೂಕ ಸರಿಮಾಡಿ, ಸೀಸದ ಮೇಲೆ ಸರಕಾರದ ಮುದ್ರೆ ಒತ್ತಿರುತ್ತಾರೆ. ಎರಡು ಕಲ್ಲಿನ ಕುಳಿಯಲ್ಲೂ ಸೀಸವಿಲ್ಲ, ಕರಿ ಜಿಡ್ಡು ಮಾತ್ರ.

ಮುನ್ನೂರು ಗ್ರಾಂ ಎಷ್ಟರ ಮಾತು ಎಂದು ಯಾರಿಗಾದರೂ ಅನಿಸಬಹುದು. ಲೋಲಾಕ್ಷಿ ನೆಲದ ಮೇಲೆ ಕುಳಿತು, ಅನುಷ್ಕಾಳ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆಯುತ್ತಾಳೆ. ಸೀಸ ಆಗಲೇ ಬಿದ್ದುಹೋಗಿದ್ದರೆ, ಯಂತ್ರ ಹತ್ತೊಂಬತ್ತು ಏಳುನೂರನ್ನು ಇಪ್ಪತ್ತೆಂದು ನಂಬಿದೆ. ಅಂದರೆ ನೂರಕ್ಕೆ ಒಂದೂವರೆ ಹೆಚ್ಚು ತೋರಿಸಿದೆ. ನಲವತ್ತು ಕಿಲೋದ ಮಗುವಿಗೆ ಆರುನೂರು ಗ್ರಾಂ ಹೆಚ್ಚು ಬರೆದಾಗಿದೆ. ಈ ವರ್ಷ ಪ್ರತಿ ತಂಡಕ್ಕೂ ಸ್ವಂತ ಕಲ್ಲಿದೆ, ಈಗಿನ ತೂಕ ಸರಿ. ಹಾಗಾದರೆ ಕಲ್ಯಾಣದ ಮಕ್ಕಳಲ್ಲಿ ಕಡಿಮೆಯಾದಂತೆ ಕಂಡದ್ದರಲ್ಲಿ ದೊಡ್ಡ ಪಾಲು ಅವರ ಮೈಯಲ್ಲಿ ಎಂದೂ ಇರಲೇ ಇಲ್ಲ.

ಸೀಸ ಇತ್ತೀಚೆಗೆ, ಈ ಮಂಚದ ಕೆಳಗೆ ಬಿದ್ದಿದ್ದರೆ? ಆಗ ಎಲ್ಲವೂ ಸರಿ. ಆಕೆ ಗೋಣಿ ಝಾಡಿಸುತ್ತಾಳೆ, ಮೂಲೆಯ ಕಸವನ್ನೆಲ್ಲ ಗುಡಿಸಿ ಹುಡುಕುತ್ತಾಳೆ. ಸೀಸದ ಚೂರು ಸಿಗುವುದಿಲ್ಲ. ಎರಡು ವರ್ಷದಲ್ಲಿ ಎಷ್ಟು ಸಲ ಗುಡಿಸಿದ ಮೂಲೆ ಅದು. ಮೊದಲ ಬೆಳಿಗ್ಗೆ ಯಂತ್ರ ಎಷ್ಟು ತೋರಿಸಿತ್ತೆಂದು ನೆನಪಿಸಿಕೊಳ್ಳಲು ನೋಡುತ್ತಾಳೆ. ಏನೋ ಸ್ವಲ್ಪ ಹೆಚ್ಚುಕಡಿಮೆ ಇತ್ತು. ರೈಲಿನಲ್ಲಿ ಕುಲುಕಿ ಬಂದ ಯಂತ್ರ ಹಾಗೇ ಇರುತ್ತದೆಂದು ಗುಂಡಿ ಒತ್ತಿದ್ದಳು. ನಮೂನೆಯಲ್ಲಿ ಬರೆಯಬೇಕಾದದ್ದು ತಿದ್ದಿದ ನಂತರದ ಅಂಕಿ ಮಾತ್ರ. ಒಂಬತ್ತು ದಿನವೂ ಆಕೆಯದೇ ಅಕ್ಷರದಲ್ಲಿ ಇಪ್ಪತ್ತು, ಇಪ್ಪತ್ತು, ಇಪ್ಪತ್ತು.

ಇದನ್ನು ಮೊದಲು ಕೇಳಿದ್ದು ಶರಣಬಸಮ್ಮ, ಸೋಮವಾರ ಠಾಣೆಗೆ ಹೋಗುವ ಗಾಡಿಯ ಹೆಂಗಸರ ಬೋಗಿಯಲ್ಲಿ.

"ಅಕ್ಕಾರ, ಯಾರ್ ನೋಡ್ತಾರ್ರಿ ಅದನ್ನ? ಕಲ್ಲು ಒಯ್ದು ಕೊಟ್ಟ ಬಿಡ್ರಿ, ಮುಗೀತು."

"ಕೊಟ್ಟರೆ ಕಲ್ಲು ಹೋಗ್ತದೆ. ಪಟ್ಟಿ ಹೋಗ್ತದಾ?"

"ಮಕ್ಕಳಿಗೇನ್ ಲುಕ್ಸಾನ್ ಆಗೇತ್ರಿ? ಪೋಹೆ ತಿಂದಾರ, ಆಟ ಆಡ್ಯಾರ. ಎಂಬತ್ತು ಸಾಲಿಗೆ ಹ್ವಾದ್ರ ಒಳ್ಳೇದ ಅಲ್ರಿ? ನಮ್ಮ ನೌಕರಿನೂ ಉಳೀತೈತಿ. ಮ್ಯಾಲ ಭಾವಾರ ಹೆಸರು ಯಾಕ ಎಳೀತೀರಿ ಇದರಾಗ? ಹೋದ ಜೀವ ಅದು."

ಆ ಕೊನೆಯ ಮಾತು ಎದೆಯಲ್ಲಿ ನೆಟ್ಟು ನಿಂತಿತು ಎಂದು ಲೋಲಾಕ್ಷಿ ಈಗ ಹೇಳುತ್ತಾಳೆ. ಠಾಣೆಯಲ್ಲಿ ಇಳಿದು, ನೇರ ಶರ್ಮಿಳಾರ ಕೋಣೆಗೆ ಹೋಗಿ ಗೋಣಿ ಬಿಚ್ಚಿದಳು.

ಎಲ್ಲ ಕೇಳಿ, ಶರ್ಮಿಳಾ ಒಂದು ಕಲ್ಲನ್ನು ಬೋರಲು ಹಾಕಿ ನೋಡಿದರು. ಆಮೇಲೆ ಕೇಳಿದರು, "ಇದನ್ನು ತೂಗಿ ನೋಡು ಅಂತ ನಿಮಗೆ ಯಾರು ಹೇಳಿದ್ದು?"

"ಯಾರೂ ಇಲ್ಲ ಮ್ಯಾಡಂ."

"ಬುಧವಾರ ಮೀಟಿಂಗ್ ಉಂಟು. ನನ್ನ ಸ್ಲೈಡೆಲ್ಲ ರೆಡಿ." ಶರ್ಮಿಳಾ ಕಂಪ್ಯೂಟರಿನಲ್ಲಿ ಕಲ್ಯಾಣದ ಹಳೆಯ ತೂಕವನ್ನೆಲ್ಲ ನೂರಕ್ಕೆ ಒಂದೂವರೆ ಇಳಿಸಿ ನೋಡಿದರು. ಎಂಟುನೂರು ಗ್ರಾಂನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು. ಉಳಿದದ್ದು ಎಷ್ಟು ಕಡಿಮೆಯೆಂದರೆ, ಕಾರ್ಯಕ್ರಮದಿಂದ ಆಯಿತೋ ಸುಮ್ಮನೆ ಆಯಿತೋ ಎಂದು ಎದೆ ತಟ್ಟಿ ಹೇಳುವ ಹಾಗಿಲ್ಲ. "ಸೀಸ ಆಗಲೇ ಇರಲಿಲ್ಲ ಅಂತ ಗ್ಯಾರಂಟಿ ಆದರೆ ನಾನು ಇದನ್ನೇ ತೋರಿಸಬೇಕು. ತೋರಿಸಿದರೆ ಎಂಬತ್ತು ಶಾಲೆ ಸಿಗುವುದಿಲ್ಲ. ಆಗ ಸರಿ ಇತ್ತು ಅಂತಾದರೆ ನಮ್ಮ ಅಂಕಿ ನಿಲ್ಲುತ್ತದೆ. ಗೊತ್ತಿರುವುದು ಯಾರಿಗೆ?"

"ಕಲ್ಲು ಕೊಟ್ಟವರಿಗೆ."

"ಹೋಗಿ ಕೇಳಿ. ಬರವಣಿಗೆಯಲ್ಲಿ ತನ್ನಿ." ಆಮೇಲೆ ದನಿ ತಗ್ಗಿಸಿ ಸೇರಿಸಿದರು: "ವರದಿಯಲ್ಲಿ ಬರೆಯಬೇಕಾಗ್ತದೆ ಲೋಲಾಕ್ಷಿ. ನಿಮ್ಮ ಗಂಡ ತಂದುಕೊಟ್ಟದ್ದು ಅಂತ."

"ತಂದದ್ದು ಅವರು, ಹೌದು. ತಳ ತಿರುಗಿಸಿ ನೋಡದೆ ಇದ್ದದ್ದು ನಾನು. ಎರಡನ್ನೂ ಬರೆಯಿರಿ."

ಆಫೀಸಿನಲ್ಲಿದ್ದ ಯೋಜನೆಯ ಕಲ್ಲನ್ನೂ ಇವನ್ನೂ ತೂಗಿ, ಬೋರಲು ಹಾಕಿ, ಫೋಟೋ ತೆಗೆದುಕೊಂಡರು. ಮಂಗಳವಾರ ಮಧ್ಯಾಹ್ನ ಲೋಲಾಕ್ಷಿ ಗೋಣಿ ಹಿಡಿದು ಕಲ್ಯಾಣದಲ್ಲಿ ಇಳಿಯುತ್ತಾಳೆ.

ತಾರಾನಾಥರ ಹೋಟೆಲು ಸ್ಟೇಷನ್ನಿನಿಂದ ಐದು ನಿಮಿಷ. ಊಟದ ಗದ್ದಲ ಇಳಿದಿದೆ. ಅರವತ್ತರ ತಾರಾನಾಥರು ಆಕೆಯನ್ನು ಕಂಡದ್ದೇ ಗಲ್ಲಾ ಬಿಟ್ಟು ಏಳುತ್ತಾರೆ. ಉತ್ತರಕ್ರಿಯೆಗೆ ಬರಲಾಗಲಿಲ್ಲ ಎನ್ನುತ್ತಾರೆ. ಚಹಾ ತರಿಸುತ್ತಾರೆ. ಚೆನ್ನಯ ಆರ್ಡರ್ ಬರೆಯುವ ಮೊದಲು ಎರಡು ಗೋಳಿಬಜೆ ತಿನ್ನದೆ ಪೆನ್ನು ತೆಗೆಯುತ್ತಿರಲಿಲ್ಲ ಎನ್ನುತ್ತಾರೆ.

ಲೋಲಾಕ್ಷಿ ಗಾಡಿಯಲ್ಲೇ ಯೋಚಿಸಿಕೊಂಡು ಬಂದಿದ್ದಾಳೆ, ಹೇಗೆ ಕೇಳಬೇಕೆಂದು. ಈ ಮನುಷ್ಯ ಆಕೆಯ ಮುಖ ನೋಡಿ, ಆಕೆಗೆ ಬೇಕಾದ ಉತ್ತರವನ್ನೇ ಕೊಟ್ಟುಬಿಡಬಲ್ಲರು. ಮಕ್ಕಳ ಹತ್ತಿರವೂ ಹಾಗೆಯೇ: ಬೆಳಿಗ್ಗೆ ಏನು ತಿಂದೆ ಎಂದು ಕೇಳಬೇಕು, ಹಣ್ಣು ತಿಂದೆಯಾ ಎಂದು ಕೇಳಬಾರದು. ಆಕೆ ಕಲ್ಲುಗಳನ್ನು ತಳ ಕೆಳಗೆ ಮಾಡಿಯೇ ಮೇಜಿನ ಮೇಲೆ ಇಡುತ್ತಾಳೆ.

"ಅಣ್ಣ, ಇವು ನಿಮ್ಮದೇ ಅಲ್ವಾ? ಅವರಿಗೆ ಕೊಡುವಾಗ ಹೇಗಿದ್ದವು, ನೆನಪುಂಟಾ?"

ಅಷ್ಟೇ. ಚಹಾದ ಲೋಟ ನೋಡುತ್ತ ಕುಳಿತಿದ್ದಾಳೆ.

ತಾರಾನಾಥರು ಒಂದು ಕಲ್ಲನ್ನು ತಾವೇ ಮಗುಚುತ್ತಾರೆ. "ಹೀಗೇ ಇತ್ತಲ್ಲ. ಆ ವರ್ಷ ಹೊಸವರ್ಷ ಕಳೆದು ಸ್ವಲ್ಪ ದಿನಕ್ಕೆ ತೂಕದ ಇನ್‌ಸ್ಪೆಕ್ಟರ್ ಬಂದಿದ್ದ. ಸೀಸ ಬಿದ್ದಿದೆ, ಮುದ್ರೆಯೂ ಇಲ್ಲ, ಇದರಲ್ಲಿ ಸಾಮಾನು ತೂಗಬಾರದು ಅಂದ. ಹೊಸದು ತೆಗೆದುಕೊಂಡೆ. ಇವನ್ನು ಹಿಂದಿನ ಬಾಗಿಲಿಗೆ ಅಡ್ಡ ಇಟ್ಟಿದ್ದೆ. ಮಳೆಗಾಲದ ಸುರುವಿಗೆ ಚೆನ್ನಯ, ಅಣ್ಣ ಎರಡು ಕಲ್ಲು ಬೇಕಿತ್ತು ಅಂದ. ನಾನು ಉಪ್ಪಿನಕಾಯಿ ಭರಣಿಯ ಮೇಲೆ ಇಡ್ಲಿಕ್ಕೆ ಅಂತ ತಿಳ್ಕೊಂಡೆ. ಯಾಕೆ ತಂಗೀ, ಏನಾಯ್ತು?"

ಈಗ ಹೇಳುತ್ತಾಳೆ. ಎಲ್ಲವನ್ನೂ, ಬುಧವಾರದ ಸಭೆಯವರೆಗೆ. ತಾರಾನಾಥರ ಮುಖ ಕೆಂಪಾಗುತ್ತದೆ. "ಮಕ್ಕಳನ್ನು ತೂಗ್ಲಿಕ್ಕೆ ಅಂತ ಒಂದು ಮಾತು ಹೇಳಿದ್ದರೆ ಹೊಸದನ್ನೇ ಕೊಡ್ತಿದ್ದೆನಲ್ಲ," ಎನ್ನುತ್ತಾರೆ. ಆಮೇಲೆ ಮುಂದಕ್ಕೆ ಬಾಗಿ, ಸಣ್ಣ ದನಿಯಲ್ಲಿ, "ನೋಡು ತಂಗೀ, ನಾನು ಹೇಳಿದ್ದು ನಮ್ಮಿಬ್ಬರೊಳಗೆ. ಆಗ ಸೀಸ ಗಟ್ಟಿ ಇತ್ತು ಅಂತ ಬರೆದುಕೊಡ್ತೇನೆ. ನನ್ನನ್ನು ಯಾರು ಕೇಳ್ತಾರೆ? ನಿನಗೂ ಒಂದು ದಾರಿ ಆಗ್ತದೆ."

ಚಹಾ ತಣ್ಣಗಾಗಿ ಕೆನೆ ಕಟ್ಟಿದೆ. ಅನುಷ್ಕಾಳ ಶಾಲೆಯ ವ್ಯಾನು, ಕಟ್ಟಡದ ಸೊಸೈಟಿಯ ತಿಂಗಳ ಚಾರ್ಜು, ಅತ್ತೆಯ ಮಾತ್ರೆ, ಎಲ್ಲ ಒಟ್ಟಿಗೆ ತಲೆಯೊಳಗೆ ಬಂದು ನಿಂತವು ಎಂದು ಲೋಲಾಕ್ಷಿ ಮುಚ್ಚಿಡದೆ ಹೇಳುತ್ತಾಳೆ. "ಹೌದು ಅಂತ ಬಾಯಿಗೆ ಬಂದಿತ್ತು. ಸುಳ್ಳು ಯಾಕೆ ಹೇಳಲಿ? ಆದರೆ ನಾಳೆ ಎಂಬತ್ತು ಶಾಲೆಯಲ್ಲಿ ಮಕ್ಕಳನ್ನು ಸಾಲು ನಿಲ್ಲಿಸಿ, ಜೇಬಿನ ಗೋಲಿ ತೆಗಿ, ಜುಟ್ಟು ಬಿಚ್ಚು ಅಂತ ಯಾವ ಬಾಯಲ್ಲಿ ಹೇಳುವುದು?"

ತಾರಾನಾಥರಿಗೆ ಆಕೆ ಹೇಳಿದ್ದು ಇಷ್ಟೇ: "ಬೇಡ ಅಣ್ಣ. ಇದ್ದದ್ದನ್ನೇ ಬರೆಯಿರಿ."

ಅವರು ಬಿಲ್ ಪುಸ್ತಕದಿಂದ ಒಂದು ಹಾಳೆ ಹರಿದು ಹಿಂಭಾಗದಲ್ಲಿ ಬರೆಯುತ್ತಾರೆ. ಆಕೆ ಓದಿ, ತಾರೀಕು ಹಾಕಿಸಿ, ಮಡಚಿ, ಫೈಲಿನಲ್ಲಿ ಇಡುತ್ತಾಳೆ. ನಾಳೆಯ ಸಭೆಯ ಮೊದಲು ಅದು ಶರ್ಮಿಳಾರ ಕೈಯಲ್ಲಿರುತ್ತದೆ. ಎಂಬತ್ತು ಶಾಲೆ ಇನ್ನು ಇಲ್ಲ ಎಂದು ಆಕೆಗೆ ಗೊತ್ತು. ಎದ್ದು ನಿಂತು, ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಗಲ್ಲಾದ ಪಕ್ಕ ನೆಲದ ಮೇಲೆ ಇಡುತ್ತಾಳೆ.

"ಇದನ್ನು ನಾನು ಏನು ಮಾಡಲಿ? ಗುಜರಿಗೆ ಹಾಕಿಬಿಡು," ಎನ್ನುತ್ತಾರೆ ತಾರಾನಾಥರು.

"ಹಾಕುವುದಾದರೆ ನೀವು ಹಾಕಿ ಅಣ್ಣ," ಎನ್ನುತ್ತಾಳೆ ಲೋಲಾಕ್ಷಿ. "ಅವರು ನಿಮ್ಮ ಹತ್ತಿರ ಕೇಳಿ ತಂದದ್ದು. ಮುಟ್ಟಿಸಿದ್ದೇನೆ."